ಹೊಳವನಹಳ್ಳಿಗೆ ಹೋದ ಪುಸ್ತಕ

ನಾನು ಮಧುಗಿರಿಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಚೀಟಿ ಅಂಟಿಸದ ಟ್ಯೂಬು ನನ್ನ ಕೈ ದಾಟಿ ಹೋಗುವುದಿಲ್ಲ. ಯಾರದ್ದು, ಯಾವ ದಿನದ್ದು, ಎಷ್ಟು ಗಂಟೆಗೆ ತೆಗೆದದ್ದು ಎಂದು ಮೂರು ಸಲ ನೋಡುತ್ತೇನೆ. ಅಂಥವಳು ಒಂದು ಪುಸ್ತಕವನ್ನು ಚೀಟಿಯಿಲ್ಲದೆ ಬಸ್ಸಿಗೆ ಹಾಕಿದೆ. ಅದರಿಂದ ಏನೇನಾಯಿತು ಎನ್ನುವುದನ್ನು ನೆನಪಿರುವಾಗಲೇ, ಕಂಡಷ್ಟನ್ನು ಕಂಡ ಹಾಗೆ ಬರೆದಿಡಬೇಕು ಅನ್ನಿಸಿದೆ. ಬರೆಯಲು ಕೂತರೆ ಈಗಲೂ ಸಂಭ್ರಮವಾಗುತ್ತದೆ.

ನಾವು ಓದುವವರು ನಾಲ್ಕು ಜನ. ಶಿರಾದಲ್ಲಿ ಟೈಲರ್ ಅಂಗಡಿ ಇಟ್ಟಿರುವ ಭಾಯಿ, ಕೊರಟಗೆರೆಯಲ್ಲಿರುವ ನಿವೃತ್ತ ಪೋಸ್ಟ್‌ಮ್ಯಾನ್ ಯಜಮಾನರು, ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಟೀಚರಾಗಿರುವ ಹುಡುಗಿ, ಮತ್ತೆ ನಾನು. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾಲ್ವರೂ ಫೋನಿನಲ್ಲಿ ಸೇರುತ್ತೇವೆ. ಆ ವಾರ ಓದುತ್ತಿರುವುದು ಏನು, ಎಷ್ಟನೇ ಪುಟಕ್ಕೆ ಬಂದಿದ್ದೇವೆ ಎಂದು ಒಬ್ಬೊಬ್ಬರಾಗಿ ಹೇಳಬೇಕು. 'ಚೆನ್ನಾಗಿದೆ' ಅನ್ನುವ ಹಾಗಿಲ್ಲ. ನಮ್ಮಲ್ಲಿ ಅದನ್ನು ಯಾರು ಓದಬೇಕು, ಯಾಕೆ ಓದಬೇಕು ಅಂತ ಹೇಳಬೇಕು. ಕೊನೆ ಹೇಳಬಾರದು. ಈ ಕಡೆಯ ನಿಯಮವನ್ನು ಭಾಯಿ ಪ್ರತಿ ವಾರ ಮುರಿಯುತ್ತಾರೆ, ಪ್ರತಿ ವಾರ ನಾವು ಮೂವರೂ ಕೂಗಾಡುತ್ತೇವೆ.

"ಅರೇ, ಅರ್ಧ ಕತೆ ಹೇಳಿ ನಿಲ್ಲಿಸೋದು ಜುಲುಮೆ ಅಲ್ವಾ?" ಎನ್ನುತ್ತಾರೆ ಅವರು. "ನಾನು ಬ್ಲೌಸ್ ಹೊಲಿದು ಒಂದು ತೋಳು ಬಿಟ್ಟು ಕಳಿಸ್ತೀನಾ?"

ಹೀಗೆ ಒಂದು ಭಾನುವಾರ ಪಾವಗಡದ ಟೀಚರ್ ತನ್ನ ಮನೆಯ ಒಂದು ಹಳೆಯ ಕಾದಂಬರಿಯ ವಿಷಯ ಎತ್ತಿದಳು. ಅದಕ್ಕೆ ರಟ್ಟಿಲ್ಲ. ಮೊದಲ ಕೆಲವು ಹಾಳೆ ಹರಿದುಹೋಗಿ ಪುಸ್ತಕದ ಹೆಸರೂ ಇಲ್ಲ, ಬರೆದವರ ಹೆಸರೂ ಇಲ್ಲ. ಹೊಸದಾಗಿ ಮದುವೆಯಾದ ಒಬ್ಬಳು ಗಂಡನ ಮನೆಯ ಕುರಿಗಳನ್ನು ಹೊಡೆದುಕೊಂಡು ಬೆಟ್ಟದ ಆಚೆಗೆ ಹೊರಟುಬಿಡುತ್ತಾಳೆ. ಅಲ್ಲಿಂದ ಕತೆ ಶುರು. ಟೀಚರ್ ಆ ಭಾಗ ಓದಿ ಹೇಳಿದಾಗ ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. "ನನಗೆ ಕೊಡು, ನನಗೆ ಮೊದಲು" ಅಂದೆ.

"ಇಲ್ಲ ಅಕ್ಕಾ. ಅದು ಮನೆ ಬಿಟ್ಟು ಹೊರಗೆ ಹೋಗಿಲ್ಲ," ಅಂದಳು.

ಕಾರಣವನ್ನೂ ಹೇಳಿದಳು. ಅವಳ ಅಮ್ಮ ಆಂಧ್ರದ ಕಡೆಯಿಂದ ಮದುವೆಯಾಗಿ ಬಂದವರು. ಮನೆಯಲ್ಲಿ ತೆಲುಗು. ಕನ್ನಡ ಮಾತು ಹೇಗೋ ಬಂತು, ಓದು ಬಂದಿರಲಿಲ್ಲ. ಅವರು ಅಕ್ಷರ ಕೂಡಿಸಿ ಕೂಡಿಸಿ ಕನ್ನಡ ಓದಲು ಕಲಿತದ್ದು ಈ ಒಂದು ಪುಸ್ತಕದಲ್ಲಿ. ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ. ಪದದ ಅರ್ಥ ತೆಲುಗು ಅಕ್ಷರದಲ್ಲಿ, ಪ್ರಶ್ನೆಗಳು ಹೊಸದಾಗಿ ಕಲಿತ ಸೊಟ್ಟ ಕನ್ನಡದಲ್ಲಿ. ಆಕೆ ಈಗಿಲ್ಲ. ಅವರ ಕೈಬರಹ ಬೇರೆ ಎಲ್ಲೂ ಉಳಿದಿಲ್ಲ.

ಇಷ್ಟು ಕೇಳಿದ ಮೇಲೆ ಸುಮ್ಮನಾಗಬೇಕಿತ್ತು. ಆದರೆ ಇಷ್ಟು ಕೇಳಿದ್ದರಿಂದಲೇ ನನಗೆ ಆ ಪುಸ್ತಕ ಇನ್ನೂ ಬೇಕಾಯಿತು. ಮೂರು ಭಾನುವಾರ ಬಿಡದೆ ಕೇಳಿದೆ. ನಾಲ್ಕನೆಯ ವಾರ ಅವಳು ಕಳಿಸಿದಳು.

ನಮ್ಮ ಪುಸ್ತಕಗಳು ಬಸ್ಸಿನಲ್ಲೇ ಓಡಾಡುತ್ತವೆ. ಡ್ರೈವರ್ ಕೈಗೆ ಕೊಟ್ಟರೆ ಸೀಟಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಆ ಊರು ಬಂದಾಗ ಇಂಥವರು ಬಂದು ಕೇಳಿ ತೆಗೆದುಕೊಳ್ಳುತ್ತಾರೆ. ಮಾತ್ರೆ, ಹೂವು, ಹೊಲಿದ ಬಟ್ಟೆ ಎಲ್ಲವೂ ಹೀಗೇ ಹೋಗುತ್ತದೆ. ಪೋಸ್ಟಿನಲ್ಲಿ ಕಳಿಸುವುದಿಲ್ಲವಲ್ಲ ಎಂದು ಯಜಮಾನರಿಗೆ ಮಾತ್ರ ಇವತ್ತಿಗೂ ಕೋಪ.

ನಾನು ಅದನ್ನು ಐದು ದಿನದಲ್ಲಿ ಓದಿದೆ. ನಡುವಿನ ಅಚ್ಚಿನ ಕತೆ ಒಂದು ಕಣ್ಣಿಗೆ, ಅಂಚಿನ ಪೆನ್ಸಿಲ್ ಇನ್ನೊಂದು ಕಣ್ಣಿಗೆ. 'ಈಕೆಗೆ ತವರು ಇಲ್ಲವಾ?' 'ಅತ್ತೆ ಇಷ್ಟು ಕೂಗಿದರೂ ಯಾಕೆ ಬಾಯಿ ಬಿಡಲಿಲ್ಲ?' ಒಂದು ಪುಟದಲ್ಲಿ ಬರೀ 'ಅಯ್ಯೋ'. ಲ್ಯಾಬಿನಲ್ಲಿ ಮೆಷಿನ್ ತಿರುಗುವ ಎರಡೆರಡು ನಿಮಿಷದಲ್ಲೂ ಓದಿದೆ. ಮುಗಿದಾಗ ಇನ್ನೊಬ್ಬರಿಗೆ ಹೇಳದೆ ಇರಲಾಗಲಿಲ್ಲ. ಯಜಮಾನರು ಓದಲೇಬೇಕು ಅಂದೆ. ಊರೂರು ತಿರುಗಿ ಕಂಡವರ ಕಾಗದ ಹಂಚಿದವರು, ಬೇರೆಯವರ ಅಕ್ಷರದ ಬೆಲೆ ಅವರಿಗೆ ಗೊತ್ತು. ಟೀಚರ್, "ಸರಿ ಅಕ್ಕಾ, ಜಾಗ್ರತೆ," ಎಂದಳು.

ಬುಧವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ಕೊರಟಗೆರೆ ಮೇಲೆ ಹೊಳವನಹಳ್ಳಿಗೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಪುಸ್ತಕ ಕೊಟ್ಟೆ. ಖಾಯಂ ಡ್ರೈವರ್ ಅಂದು ರಜೆ, ಬದಲಿ ಮನುಷ್ಯ. ಪುಸ್ತಕವಿದ್ದದ್ದು ಮದುವೆಯ ತಾಂಬೂಲದ ಚೀಲದಲ್ಲಿ. ಅರಿಶಿನ ಬಣ್ಣದ್ದು, ಮೇಲೆ ಮದುಮಕ್ಕಳ ಹೆಸರು, ಕೆಳಗೆ 'ವಂದನೆಗಳು'. ಹಿಂದಿನ ವಾರವಷ್ಟೇ ಮಧುಗಿರಿಯಲ್ಲಿ ಆದ ದೊಡ್ಡ ಮದುವೆ ಅದು. ಊರಲ್ಲಿ ಅರ್ಧ ಜನ ಹೋಗಿದ್ದೆವು, ಎಲ್ಲರ ಮನೆಯ ಬಾಗಿಲ ಹಿಂದೆ ಅದೇ ಚೀಲ ನೇತಾಡುತ್ತಿತ್ತು. ನಾನು ಚೀಟಿ ಅಂಟಿಸಲಿಲ್ಲ. ಬಸ್ಸು ಹೊರಡುತ್ತಿತ್ತು.

ಹತ್ತು ಗಂಟೆಗೆ ಯಜಮಾನರ ಫೋನು.

"ಏನಮ್ಮಾ, ನೀನು ಕಳಿಸಿದ ಕಾದಂಬರಿ ಬಲು ಗಟ್ಟಿ ಐತೆ."

"ಶುರು ಮಾಡಿಬಿಟ್ರಾ?"

"ಅಲುಗಾಡಿಸಿ ನೋಡಿದೆ. ಒಳಗೆ ನೀರೂ ಐತೆ."

ನನಗೆ ಅರ್ಥವಾಗಲಿಲ್ಲ. ಅವರು ನಗು ನಿಲ್ಲಿಸಿ ಹೇಳಿದರು. ಚೀಲದಲ್ಲಿ ಒಂದು ತೆಂಗಿನಕಾಯಿ, ಒಂದು ರವಿಕೆ ಕಣ, ಒಂದು ಡಬ್ಬಿ ಚಿರೋಟಿ ಇದ್ದವು. ಪುಸ್ತಕ ಇರಲಿಲ್ಲ. "ಪೋಸ್ಟಲ್ಲಿ ಹಾಕಿದ್ರೆ ಇಂಗಾಗ್ತಿತ್ತಾ?" ಅಂದವರು, ಅದರಲ್ಲಿ ಟೀಚರ ಅಮ್ಮನ ಕೈಬರಹ ಇದೆ ಎಂದು ನಾನು ಅಂದ ಕೂಡಲೇ, "ಅಳಬೇಡ ಕಣಮ್ಮ, ಹುಡುಕೋಣ," ಅಂದರು.

ಮಧ್ಯಾಹ್ನ ಬಸ್ಸು ವಾಪಸು ಬಂದಾಗ ನಿಲ್ದಾಣದಲ್ಲಿ ನಿಂತಿದ್ದೆ. ಆ ಬದಲಿ ಡ್ರೈವರ್, "ಎರಡು ಚೀಲ ಇದ್ವು ಮೇಡಂ, ಎರಡೂ ಒಂದೇ ಥರ. ಇನ್ನೊಂದನ್ನ ಹೊಳವನಹಳ್ಳೀಲಿ ಯಾರೋ ಹೆಂಗಸು ತಗೊಂಡ್ರು," ಎಂದ. ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಕಾಯಿ ಕಳಿಸಿದವರು ಯಾರೆಂದೂ ಗೊತ್ತಿರಲಿಲ್ಲ.

ಆ ಸಂಜೆಯೇ ಟೀಚರಿಗೆ ಹೇಳಿದೆ. ಮುಚ್ಚಿಡಲಿಲ್ಲ, ಕಡಿಮೆ ಮಾಡಿಯೂ ಹೇಳಲಿಲ್ಲ. ಅವಳು, "ಪರವಾಗಿಲ್ಲ ಅಕ್ಕಾ," ಎಂದು ಫೋನ್ ಇಟ್ಟಳು. ಭಾನುವಾರ ಎಂಟಕ್ಕೆ ಸೇರಿದಳು, ಆದರೆ ಏನೂ ಓದುತ್ತಿಲ್ಲ ಎಂದಳು. ಭಾಯಿ ಅವತ್ತು ತಮ್ಮ ಪತ್ತೇದಾರಿ ಕಾದಂಬರಿಯ ಕೊನೆಯನ್ನು ಹೇಳಲೇ ಇಲ್ಲ. ಅದು ನಮ್ಮೆಲ್ಲರಿಗೂ ಇನ್ನೂ ಕಷ್ಟವಾಯಿತು.

ಮುಂದಿನ ಭಾನುವಾರ ನಾನು ಕಾದು ಕೂರಲಾಗದೆ ಯಜಮಾನರ ಹತ್ತಿರ ಆ ಅರಿಶಿನ ಚೀಲ ಇಸಕೊಂಡು ಹೊಳವನಹಳ್ಳಿಗೆ ಹೋದೆ. ಚಿರೋಟಿ ಕೆಡುತ್ತದೆಂದು ಅವರು ತಿಂದಿದ್ದರು. ಬೇರೆ ಒಂದು ಡಬ್ಬಿ ಕೊಂಡು ಇಟ್ಟಿದ್ದೆ. ಬಸ್ ನಿಲ್ಲುವ ಕಡೆ, ಸಂತೆಯ ತರಕಾರಿ ಅಂಗಡಿಗಳ ಎದುರಿಗೆ, ಚೀಲದ ಹೆಸರು ಕಾಣುವ ಹಾಗೆ ಹಿಡಿದು ನಿಂತೆ. ಒಂದು ಗಂಟೆ ಇಪ್ಪತ್ತು ನಿಮಿಷ ನಿಂತೆ. ಸುಮಾರು ಐವತ್ತು ವರ್ಷದ ಒಬ್ಬ ಹೆಂಗಸು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸೊಪ್ಪಿನ ಕಂತೆ, ನೇರವಾಗಿ ನನ್ನ ಮುಂದೆ ಬಂದರು.

"ಯಾರಮ್ಮ ನೀನು? ನಮ್ ಚೀಲ ನಿನ್ ಕೈಗೆ ಹೆಂಗ್ ಬಂತು?"

"ನಿಮ್ಮ ಹತ್ತಿರ ಒಂದು ಪುಸ್ತಕ ಇದೆಯಾ?" ಅಂದೆ.

"ಓ, ನಿಂದಾ ಅದು? ತಂಗಿ ಕಾಯಿ ಕಳ್ಸಿದೀನಿ ಅಂದ್ಲು. ತೆಗೆದು ನೋಡಿದ್ರೆ ಪುಸ್ತ್ಕ. ಇವ್ಳಿಗೇನು ತಲೆ ಕೆಟ್ಟೈತಾ ಅಂದ್ಕೊಂಡೆ."

"ವಾಪಸು ಕೊಡಲಿಲ್ವಲ್ಲ?"

"ಯಾರಿಗ್ ಕೊಡಾದು? ಹೆಸ್ರಿಲ್ಲ, ಊರಿಲ್ಲ. ಕುರಿ ಹಿಂದೆ ಹೋಗಾಗ ಎತ್ಕೊಂಡ್ ಹೋದೆ. ಶುರು ಮಾಡ್ಬುಟ್ಟೆ. ಆಮೇಕೆ ಅವ್ಳು ಬೆಟ್ಟ ಹತ್ತುದ್ಲು ನೋಡು, ಅರ್ಧಕ್ಕೆ ಬುಡಕ್ಕೆ ಮನ್ಸು ಬರ್ಲಿಲ್ಲ."

ನಿಂತಲ್ಲೇ ನನಗೆ ಕತೆ ಹೇಳತೊಡಗಿದರು. ನಾನೂ ಓದಿದ್ದೇನೆ ಎಂದರೆ ಇನ್ನೂ ಖುಷಿ. ಅವಳು ಮಳೆಯಲ್ಲಿ ಮರಿಯನ್ನು ಎದೆಗೆ ಕಟ್ಟಿಕೊಳ್ಳುವುದು ಸರಿ, ಆದರೆ ಅವಳು ಕಟ್ಟಿದ ರೀತಿಯಲ್ಲಿ ಮರಿ ಉಸಿರು ಕಟ್ಟಿ ಸಾಯುತ್ತದೆ, ಬರೆದವರಿಗೆ ಕುರಿ ಗೊತ್ತಿಲ್ಲ, ಎಂದರು. ನಾವಿಬ್ಬರೂ ಎಷ್ಟು ಜೋರಾಗಿ ಮಾತಾಡುತ್ತಿದ್ದೆವೆಂದರೆ, ತರಕಾರಿಯವರು, "ಏನ್ ಜಗ್ಳ ಕಣಮ್ಮ?" ಎಂದು ಕೇಳಿದರು. ಆಮೇಲೆ ಆ ಹೆಂಗಸು ತಮ್ಮ ಚೀಲ ಇಸಕೊಂಡು, ಮನೆಗೆ ಹೋಗಿ ಪುಸ್ತಕ ತಂದುಕೊಟ್ಟರು, ಫೋನ್ ನಂಬರನ್ನೂ ಕೊಟ್ಟರು.

ವಾಪಸು ಬರುವ ಬಸ್ಸಿನಲ್ಲಿ ಬಿಚ್ಚಿದೆ. ಪೆನ್ಸಿಲ್ಲಿನ ಪಕ್ಕದಲ್ಲಿ ನೀಲಿ ಬಾಲ್‌ಪೆನ್ನಿನ ದಪ್ಪ ಅಕ್ಷರ. ಆ ತಾಯಿಯ ಪ್ರಶ್ನೆಗಳಿಗೆ ಈ ಹೆಂಗಸು ಉತ್ತರ ಬರೆದಿದ್ದರು. ಎಣಿಸಿದೆ. ಹನ್ನೊಂದು ಕಡೆ. ಶಾಯಿ ಕಾಗದದಿಂದ ಹೋಗುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಆ ಹೆಂಗಸಿಗೇ ಫೋನ್ ಮಾಡಿ, ಯಾಕೆ ಬರೆದಿರಿ ಎಂದು ಕೇಳಿದೆ.

"ಅಷ್ಟೊಂದು ಕೇಳವ್ರೆ. ಯಾರೂ ಹೇಳಿರ್ಲಿಲ್ಲ. ಪಾಪ ಅನ್ನಿಸ್ತು ಕಣಮ್ಮ," ಅಂದರು.

ಟೀಚರಿಗೆ ಎರಡೂ ಹೇಳಿದೆ, ಸಿಕ್ಕಿದ್ದನ್ನೂ, ಹನ್ನೊಂದನ್ನೂ. ಅವಳು ಬಸ್ಸಿಗೆ ಹಾಕಬೇಡಿ ಎಂದಳು. ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ತಾನೇ ಮಧುಗಿರಿಗೆ ಬಂದಳು. ಎರಡು ಗಂಟೆಗೆ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಎದುರುಬದುರು ಕೂತೆವು. ನನ್ನ ಮುಖ ನೋಡಲಿಲ್ಲ. ಟೇಬಲ್ಲನ್ನು ತನ್ನ ಕರ್ಚೀಫಿನಿಂದ ಒರೆಸಿ, ಅದರ ಮೇಲೆ ಪುಸ್ತಕ ಇಟ್ಟು, ಒಂದೊಂದೇ ಪುಟ ತೆಗೆದಳು.

ಮೊದಲ ನೀಲಿ ಅಕ್ಷರ ಬಂದಾಗ ಓದಲಿಲ್ಲ. ಬೆರಳಿನಿಂದ ಪೆನ್ಸಿಲ್ಲಿನ ಸಾಲನ್ನು ಮಾತ್ರ ಮುಟ್ಟಿ ನೋಡಿದಳು. ಹಾಗೇ ಮುಂದೆ ಹೋದಳು. ನಾಲ್ಕನೆಯ ಕಡೆ ಪೆನ್ನು ಪೆನ್ಸಿಲ್ಲಿನ ಮೇಲೆ ಹತ್ತಿತ್ತು. ಒಂದು ತೆಲುಗು ಪದ ನೀಲಿಯ ಕೆಳಗೆ ಮುಚ್ಚಿಹೋಗಿತ್ತು.

"ಇದು ಹೋಯ್ತು ಅಕ್ಕಾ," ಎಂದಳು.

"ಹೌದು," ಅಂದೆ. "ತಪ್ಪು ನನ್ನದು." ಹೋಟೆಲಿನ ಹುಡುಗಿ ತಂದಿಟ್ಟ ಕಾಫಿ ಇಬ್ಬರೂ ಮುಟ್ಟಲಿಲ್ಲ.

ಏಳನೆಯದೋ ಎಂಟನೆಯದೋ ಇರಬೇಕು. ಅಚ್ಚಿನಲ್ಲಿದ್ದ 'ರೊಪ್ಪ' ಎನ್ನುವ ಪದಕ್ಕೆ ಅವಳ ಅಮ್ಮ ಅಡಿಗೆರೆ ಎಳೆದು, ಪಕ್ಕದಲ್ಲಿ, 'ಇದು ಏನು?' ಎಂದು ಬರೆದಿದ್ದರು. ಅದರ ಅರ್ಥ ಅವರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಕೆಳಗೆ ತೆಲುಗಿನಲ್ಲಿ ಏನೂ ಇರಲಿಲ್ಲ. ನೀಲಿಯಲ್ಲಿ ಇತ್ತು. 'ಕುರಿ ಕೂಡೋ ಜಾಗ. ಸುತ್ತ ಮುಳ್ಳಿನ ಬೇಲಿ ಇರ್ತದೆ. ನಮ್ಮನೇಲಿ ಐತೆ. ಬಾರವ್ವ, ತೋರುಸ್ತೀನಿ.'

ಟೀಚರ್ ಅದನ್ನು ಓದಿದಳು. ಮೊದಲಿನಿಂದ ಮತ್ತೆ ಪುಟ ತಿರುವಿ, ಬಿಟ್ಟುಬಂದಿದ್ದ ನೀಲಿ ಸಾಲುಗಳನ್ನೆಲ್ಲ ಓದಿದಳು. 'ಈಕೆಗೆ ತವರು ಇಲ್ಲವಾ?' ಎನ್ನುವುದರ ಪಕ್ಕದಲ್ಲಿ, 'ಐತೆ, ದೂರ. ನನ್ನಂಗೆ.' ಒಂದು ಕಡೆ ಅವಳಿಗೆ ನಗು ಬಂತು, ತಡೆಯಲು ನೋಡಿದಳು, ಆಗಲಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು, "ಹೊಳವನಹಳ್ಳಿ ಬಸ್ಸು ಎಷ್ಟೊತ್ತಿಗೆ ಅಕ್ಕಾ?" ಎಂದಳು.

ಮೂರು ಗಂಟೆಯ ಬಸ್ಸು. ದಾರಿಯುದ್ದಕ್ಕೂ ಅವಳು ಮಾತಾಡಿದಳು. ಎರಡು ವಾರದ ಮಾತೆಲ್ಲ ಒಟ್ಟಿಗೆ ಬಂದ ಹಾಗಿತ್ತು. ಈ ವಾರ ಓದುತ್ತಿರುವುದು, ಭಾಯಿಗೆ ಕೊಡಬೇಕೆಂದು ಎತ್ತಿಟ್ಟಿರುವುದು, ಮಕ್ಕಳಿಗೆ ಓದಿ ಹೇಳಿದ್ದು.

ಆ ಮನೆಯ ಹಿಂದೆ ಜಾಲಿಯ ಮುಳ್ಳಿನ ಬೇಲಿ, ಒಳಗೆ ಕುರಿಗಳು. ಆ ಹೆಂಗಸು ಟೀಚರನ್ನು ಮೇಲಿನಿಂದ ಕೆಳಗೆ ನೋಡಿ, "ನೀನೇನಾ ಕೇಳಿದ್ದು?" ಎಂದರು.

"ನಾನಲ್ಲ. ನಮ್ಮಮ್ಮ. ಅವರಿಲ್ಲ ಈಗ."

ಕುರಿಗೆ ಹಾಕುತ್ತಿದ್ದ ಸೊಪ್ಪು ಆ ಹೆಂಗಸಿನ ಕೈಯಲ್ಲೇ ನಿಂತಿತು. "ಗೊತ್ತಿರ್ಲಿಲ್ಲ ಕಣವ್ವ. ಗೊತ್ತಿದ್ರೆ ಮಸಿ ಹತ್ತುಸ್ತಿರ್ಲಿಲ್ಲ," ಅಂದರು.

ಟೀಚರ್ ಬೇಲಿಯ ಹತ್ತಿರ ಹೋಗಿ ನಿಂತಳು. ಬಾಗಿಲಿಗೆ ಅಡ್ಡ ಇಟ್ಟಿದ್ದ ಮುಳ್ಳಿನ ಕಂತೆಯನ್ನು ಹೇಗೆ ಎಳೆಯಬೇಕು, ಹೊಸ ಮರಿಗಳನ್ನು ಯಾವ ಮೂಲೆಯಲ್ಲಿ ಬೇರೆ ಕೂಡಬೇಕು ಎಂದು ಆಕೆ ತೋರಿಸಿದರು. ಇವಳು ಪ್ರತಿಯೊಂದನ್ನೂ ಕೇಳಿಕೊಂಡಳು. ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕೇಳಿದಳು.

ಹೊರಡುವಾಗ ಆ ಹೆಂಗಸು ಕೇಳಿದರು, "ಒಂದು ಮಾತು ಕೇಳ್ಲಾ? ಕೊನೇ ಕಡೆ ಬರ್ತಾ ಬರ್ತಾ ನಿಮ್ಮಮ್ಮ ಏನೂ ಬರ್ದಿಲ್ಲ. ಓದೋದು ಬುಟ್ಬುಟ್ರಾ?"

ಟೀಚರ್ ಪುಸ್ತಕ ತೆಗೆದಳು. ಕಡೆಯ ಐವತ್ತು ಅರವತ್ತು ಪುಟಗಳನ್ನು ನಮ್ಮಿಬ್ಬರ ಮುಂದೆ ನಿಧಾನವಾಗಿ ತಿರುವಿದಳು. ಅಂಚು ಬೆಳ್ಳಗೆ, ಒಂದು ಗೆರೆಯೂ ಇಲ್ಲ. ಅದು ಅವಳಿಗೆ ಮೊದಲೇ ಗೊತ್ತಿತ್ತೋ, ಆಗ ಹೊಳೆಯಿತೋ, ನನಗೆ ತಿಳಿಯದು.

"ಬಿಡಲಿಲ್ಲ," ಎಂದಳು. "ಅಷ್ಟೊತ್ತಿಗೆ ಅವರಿಗೆ ಓದೋಕೆ ಬಂದುಬಿಟ್ಟಿತ್ತು."