ಅಲಿಬಾಗದ ಉಳ್ಳಾಗಡ್ಡಿ ಹೊಲದಲ್ಲಿ ಚರಗ

ದಾದರ ಸ್ಟೇಷನ್ನಿನಲ್ಲಿ ನಾನು ರೈಲಿನಿಂದ ಇಳಿಯಲಿಲ್ಲ, ಹಿಂದಿದ್ದ ಹೆಂಗಸರು ನನ್ನನ್ನು ಇಳಿಸಿದರು. ಒಂದು ಚಪ್ಪಲಿ ರೈಲಿನಲ್ಲೇ ಮುಂದೆ ಹೋಯಿತು. ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತವಳನ್ನು ಯಾರೂ ತಿರುಗಿ ನೋಡಲಿಲ್ಲ. ಸೋಲಾಪುರ ಕಡೆಯ ನಮ್ಮ ಚಪಳಗಾಂವದಲ್ಲಾಗಿದ್ದರೆ ಅರ್ಧ ಊರು ಕೂಡುತ್ತಿತ್ತು.

ನಮ್ಮ ಯಜಮಾನರು ಸೋಲಾಪುರದ ಚಾದರ ವ್ಯಾಪಾರಿಯೊಬ್ಬರ ಮುಂಬಯಿ ಅಂಗಡಿ ನೋಡಿಕೊಳ್ಳಲು ಬಂದವರು. ಪರಳದಲ್ಲಿ ಒಂದು ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಸಿಕ್ಕಿತು. ಕಾಲು ಚಾಚಿದರೆ ಒಲೆ, ಕೈ ಚಾಚಿದರೆ ಕಿಟಕಿ. ಇಲ್ಲಿಯ ಗಿರಣಿಯಲ್ಲಿ ಬೀಸಿಸಿದ ಜೋಳದ ಹಿಟ್ಟಿಗೆ ಅಕ್ಕಿಯ ವಾಸನೆ, ರೊಟ್ಟಿ ಬಡಿಯುವಾಗಲೇ ಅಂಚು ಒಡೆಯುತ್ತದೆ. ನನ್ನ ಮರಾಠಿ ಕೇಳಿ ನೆರೆಯವರು ನೀವು ಕಾನಡಿಯವರೇ ಅನ್ನುತ್ತಾರೆ. ವಿಜಯಪುರದ ನೆಂಟರು ನನ್ನ ಕನ್ನಡ ಕೇಳಿ ಮರಾಠಿಯವಳು ಎಂದು ನಗುತ್ತಾರೆ. ಇಬ್ಬರಿಗೂ ಉತ್ತರ ಕೊಟ್ಟು ಸಾಕಾಗಿದೆ.

ಬಂದ ವಾರವೇ ಯಜಮಾನರಿಗೆ ಹೇಳಿಬಿಟ್ಟೆ: "ಎಳ್ಳಮಾಸಿ ತನಕ ನೋಡ್ತೀನ್ರಿ. ಮನಸ ಹತ್ತಲಿಲ್ಲಂದ್ರ ನಾ ಊರಿಗಿ ಹೋಗಾಕಿ. ನೀವ ಒಬ್ರ ಇರ್ರಿ."

ಪಾಪ, ಹೆದರಿದರು. ಅಂಗಡಿಗೆ ಸೋಮವಾರ ಸೂಟಿ. ಪ್ರತಿ ಸೋಮವಾರ ನನ್ನನ್ನು ಹೊರಡಿಸಿಕೊಂಡು ಊರು ತೋರಿಸಿದರು. ಗಿರಗಾಂವದ ಮರದ ಕಟಕಟೆಯ ಹಳೆಯ ಚಾಳುಗಳು, ಮಾಟುಂಗದ ಹೂವಿನ ಅಂಗಡಿಗಳು, ವಸಯಿಯ ಕೋಟೆ, ಉತ್ತನದಲ್ಲಿ ಮೀನು ಒಣಗಿಸುವ ದಂಡೆ. ನೋಡಿದೆ, ಚೆನ್ನಾಗಿತ್ತು, ಕಾಲು ನೋಯಿತು. ಸೋಲಾಪುರದ ಕೆರೆಯ ದಂಡೆಗೆ ಕುಳಿತರೆ ಪರಿಚಯದವರು ನಾಲ್ಕು ಜನ ಸಿಗುತ್ತಾರೆ. ಇಲ್ಲಿ ಇಷ್ಟು ದೊಡ್ಡ ಸಮುದ್ರದ ಮುಂದೆ ಮಾತಾಡಿಸುವವರಿಲ್ಲ.

ಎಳ್ಳಮಾವಾಸ್ಯೆಯೂ ಸೋಮವಾರವೇ ಬಂತು. ಒಂದು ದಿನದ ಸೂಟಿಯಲ್ಲಿ ಊರಿಗೆ ಹೋಗಿ ಬರಲಾಗದು. ಆ ದಿನ ನಮ್ಮ ಕಡೆ ಹೊಲಕ್ಕೆ ಉಣಿಸದೆ ಮನೆಯವರು ಉಣ್ಣುವುದಿಲ್ಲ. ಅಡುಗೆಯನ್ನೆಲ್ಲ ಕಲಸಿ ಒಬ್ಬರು ಬೆಳೆಯ ಮೇಲೆ ಚೆಲ್ಲುತ್ತ ಹೋಗುತ್ತಾರೆ, ಇನ್ನೊಬ್ಬರು ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತಾರೆ. ಅದೇ ಚರಗ. ಮದುವೆಯಾದಾಗಿನಿಂದ ನಮ್ಮ ಹೊಲದಲ್ಲಿ ನೀರಿನ ತಂಬಿಗೆ ನನ್ನದು. ಬೆಳಗ್ಗೆ ಎದ್ದು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಮಾಡಿ ಗಂಟು ಕಟ್ಟಿದೆ, ಜೊತೆಗೆ ನೀರಿನ ತಂಬಿಗೆಯನ್ನೂ ಇಟ್ಟುಕೊಂಡೆ.

"ಎಲ್ಲಿ ಹೊಲ ಐತಿ ಅಲ್ಲಿಗಿ ಕರಕೊಂಡ ಹೋಗ್ರಿ," ಅಂದೆ.

ಬೋಟಿನಲ್ಲಿ ಮಾಂಡವಾ, ಬಸ್ಸಿನಲ್ಲಿ ಅಲಿಬಾಗ. ದಾರಿಯ ಬದಿಗೆ ಬಿಳಿ ಉಳ್ಳಾಗಡ್ಡಿಯ ಹೊಲವಿತ್ತು. ಕಳೆ ಕೀಳುತ್ತಿದ್ದ ಮುದುಕಿಗೆ ಎಲ್ಲ ತಿಳಿಸಿ ಕೇಳಿದೆ, ಹೂಂ ಅಂದಳು. ಯಜಮಾನರು ಅತ್ತಿತ್ತ ನೋಡಿ, "ಮಂದಿ ನೋಡಾಕತ್ತಾರ, ನನ್ನ ಕಡಿಂದ ಆಗೂದಿಲ್ಲ," ಎಂದು ಬದುವಿನ ಮೇಲೆ ಕುಳಿತೇಬಿಟ್ಟರು. ಸಿಟ್ಟು ಬಂದು ನಾನೇ ಅಡುಗೆ ಕಲಸಿ ಚೆಲ್ಲುತ್ತ ನಡೆದೆ. ಮುದುಕಿ ತಂಬಿಗೆ ಎತ್ತಿಕೊಂಡು ನೀರು ಚಿಮುಕಿಸುತ್ತ ಹಿಂದೆ ಬಂದಳು.

"ಹೇ ಕುಣಾಚ್ಯಾ ಶೇತಾಸಾಠಿ?" ಅಂದಳು. ಇದು ಯಾರ ಹೊಲದ ಸಲುವಾಗಿ ಎಂದು.

ಚಪಳಗಾಂವದ ಹೆಸರು ಹೇಳಬೇಕೆಂದಿದ್ದೆ. ಕಾಲ ಕೆಳಗಿನ ಬೆಳೆಯನ್ನು ಬಿಟ್ಟು ಬೇರೆ ಹೊಲಕ್ಕೆ ಬೇಡಲು ಬಾಯಿ ಬರಲಿಲ್ಲ. "ತುಮಚ್ಯಾಚ," ನಿಮ್ಮದರ ಸಲುವಾಗಿಯೇ, ಎಂದುಬಿಟ್ಟೆ.

ಮೂವರೂ ಬದುವಿನ ಮೇಲೆ ಉಂಡೆವು. ಉಳ್ಳಾಗಡ್ಡಿ ಕೀಳುವಾಗ ಬಾ ಎಂದು ಮುದುಕಿ ಕರೆದಳು.

ತಿರುಗಿ ಬರುವ ಬೋಟಿನಲ್ಲಿ ಯಜಮಾನರು ನೀರಿನ ಕಡೆ ನೋಡುತ್ತ ಕೇಳಿದರು: "ಹಂಗಾರ, ಊರಿನ ತಿಕೀಟ ತಗಸಲೇನ?"

"ಉಳ್ಳಾಗಡ್ಡಿ ಕಿತ್ತ ಮ್ಯಾಲ ನೋಡೂಣ್ರಿ," ಅಂದೆ. ಅವರು ಆ ದಿನ ಮೊದಲ ಸಲ ನಕ್ಕರು.

ಅಷ್ಟರಲ್ಲಿ ಊರಿನಿಂದ ಫೋನು. ಮೈದುನನ ಹೆಂಡತಿ ಗಂಗವ್ವ.

"ಚರಗ ಛಲೋ ಆತ್ ನೋಡಕ್ಕಾ."

"ನೀರ ಯಾರ ಚಿಮಕಿಸಿದ್ರ?"

"ನನ್ನ ಕಂಕುಳಾಗ ಕೂಸಿತ್ತು. ಬಾಜೂ ಹೊಲದಾಕಿನ್ನ ಕರದು ನಿನ್ನ ತಂಬಿಗಿ ಆಕಿ ಕೈಯಾಗ ಕೊಟ್ವಿ."

"ಛಲೋ ಆತು," ಅಂದು ಫೋನು ಇಟ್ಟೆ. ಚರಗ ನಿಲ್ಲಲಿಲ್ಲ ಎಂದು ಸಮಾಧಾನ ಆಗಬೇಕಿತ್ತು. ಮುಂಬಯಿ ದಂಡೆ ಬರುವ ತನಕ ಅತ್ತೆ.