ಬ್ರೇಕಿಗೆ ಹಾಕಿದ ಎಣ್ಣೆ

ನಮ್ಮ ಮನೆಗೆ ಬರುವ ಹೊತ್ತಿಗೇ ಆ ಕಾರಿಗೆ ಮೂವರು ಯಜಮಾನರಾಗಿದ್ದರು. ನಾಲ್ಕನೆಯವರು ನಮ್ಮವರು. ಅರವತ್ತರ ದಶಕದ ಆರಂಭ. ಯಲಹಂಕದ ಹಳೇ ಊರಿನಲ್ಲಿ ನಮ್ಮ ಬೀದಿಗೆಲ್ಲ ಅದೊಂದೇ ಕಾರು. ಬೂದು ಬಣ್ಣ, ನಾಲ್ಕು ಬಾಗಿಲು, ಅದರಲ್ಲಿ ಒಂದನ್ನು ಹಗ್ಗದಿಂದ ಕಟ್ಟಿಡಬೇಕಿತ್ತು. ಇವರು ಅದರಲ್ಲಿ ಯಶವಂತಪುರದ ಆಫೀಸಿಗೆ ಠೀವಿಯಿಂದ ಹೊರಟರೆ ವಾರಕ್ಕೆರಡು ದಿನ ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ಬ್ಯಾಟರಿಯನ್ನು ನಂಬುವ ಹಾಗಿರಲಿಲ್ಲ, ಆದ್ದರಿಂದ ಮನೆಯ ಮುಂದಿನ ಇಳಿಜಾರಿನಲ್ಲೇ ಅದನ್ನು ನಿಲ್ಲಿಸುವುದು, ಬೆಳಗ್ಗೆ ಯಾರಾದರೂ ಹಿಂದಿನಿಂದ ನೂಕುವುದು.

ಪ್ರತಿ ರಿಪೇರಿಗೂ ಸಿಟಿಗೆ ಹೋದರೆ ಇವರ ಸಂಬಳ ಸಾಲುತ್ತಿರಲಿಲ್ಲ. ಅದಕ್ಕೇ ಊರ ಅಂಚಿನ ಹುಣಸೆಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ಸಾಬರೇ ನಮಗೆ ದಿಕ್ಕು. ಹೊಸ ಸಾಮಾನು ತರಿಸುವ ಮುಂಚೆ ಅವರು ಮನೆಯ ಒಳಗೆ ಏನಿದೆ ಎಂದು ಕೇಳುತ್ತಿದ್ದರು. ರೇಡಿಯೇಟರ್ ಸೋರಿದಾಗ ನನ್ನ ಹತ್ತಿರ ಒಂದು ಹಿಡಿ ಅರಿಶಿನದ ಪುಡಿ ಇಸಿದುಕೊಂಡು ಒಳಗೆ ಸುರಿದರು; ಸೋರುವುದು ನಿಂತಿತು. ಪೆಟ್ರೋಲ್ ಟ್ಯಾಂಕಿನ ಬಿರುಕಿಗೆ ಬಟ್ಟೆ ಸೋಪು ಮೆತ್ತಿದರು, ಅದೂ ನಿಂತಿತು. ಆಮೇಲಾಮೇಲೆ ಅವರನ್ನು ಕಾಯದೆ ನಾನೇ ಅರಿಶಿನ ಹಾಕತೊಡಗಿದೆ. ಈ ಕಾರಿನ ಮದ್ದೆಲ್ಲ ನನ್ನ ಅಡುಗೆಮನೆಯಲ್ಲೇ ಇದೆ ಎಂಬ ಕೊಬ್ಬು ಬಂದದ್ದು ಆಗ.

ಅತ್ತೆಯವರು ನಂದಿಬೆಟ್ಟದ ಮೇಲಿನ ದೇವರಿಗೆ ಹರಕೆ ಹೊತ್ತಿದ್ದರು. ಹೊರಡುವ ಹಿಂದಿನ ಸಂಜೆ ಸಾಬರು ಬಂದು ಕಾರನ್ನೆಲ್ಲ ತಡವಿ ನೋಡಿ, "ಸ್ವಾಮಿ, ಬ್ರೇಕ್ ಆಯಿಲ್ ಇಳಿದೈತೆ. ನನ್ ಡಬ್ಬಾನೂ ಖಾಲಿ. ಬೆಳಿಗ್ಗೆ ಸಿಟಿಯಿಂದ ತಂದು ಹಾಕ್ತೀನಿ, ಅಲ್ಲೀಗಂಟ ತಗೀಬ್ಯಾಡಿ," ಎಂದು ಬಾನೆಟ್ಟಿನ ಕೆಳಗಿನ ಪುಟ್ಟ ಡಬ್ಬಿಯನ್ನು ತೋರಿಸಿ ಹೋದರು.

ನಾನು ಅವತ್ತೇ ಹೊರಗಾದೆ. ಹೊರಗಾದವಳು ಮೂರು ದಿನ ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಇರಬೇಕು, ಏನನ್ನೂ ಮುಟ್ಟುವ ಹಾಗಿಲ್ಲ. ದೇವಸ್ಥಾನಕ್ಕೆ ಹೋಗುವ ಗಾಡಿಯನ್ನಂತೂ ಕೇಳಲೇಬೇಡಿ. ಹೀಗಾಗಿ ಇವರು, ಅತ್ತೆ, ಐದು ವರ್ಷದ ನನ್ನ ಮಗಳು, ಇಷ್ಟೇ ಜನ ಹೊರಡುವುದೆಂದಾಯಿತು.

ಬೆಳಗ್ಗೆ ಏಳಾದರೂ ಸಾಬರ ಸುಳಿವಿಲ್ಲ. ಒಳಗೆ ಅತ್ತೆ ಗೊಣಗುತ್ತಿದ್ದರು, ಇವರು ಗಡಿಯಾರ ನೋಡಿ ಹಲ್ಲು ಕಡಿಯುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಯೋಚಿಸಿದೆ: ಇಷ್ಟಕ್ಕೆಲ್ಲ ಸಾಬರು ಯಾಕೆ ಬೇಕು? ಎಂಜಿನ್ನಿಗೆ ಹಾಕುವ ಆಯಿಲ್ಲಿನ ಡಬ್ಬ ಸೌದೆ ಕೊಟ್ಟಿಗೆಯಲ್ಲೇ ಇದೆ. ಅದೂ ಆಯಿಲ್ಲೇ, ಇದೂ ಆಯಿಲ್ಲೇ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಇಳಿದು ಹೋದೆ, ಬಾನೆಟ್ ಎತ್ತಿ ಪುಟ್ಟ ಡಬ್ಬಿಗೆ ಕಂಠಪೂರ್ತಿ ತುಂಬಿಸಿದೆ, ಸೆರಗಿನಲ್ಲಿ ಕೈ ಒರೆಸಿಕೊಂಡು ಚಾಪೆಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಇವರು ಮುಚ್ಚಳ ತೆಗೆದು ನೋಡಿ, "ಸಾಬರು ಆಗಲೇ ಬಂದು ಹಾಕಿ ಹೋಗಿದಾರೆ, ನಾವು ನೋಡೇ ಇಲ್ಲ!" ಎಂದರು. ನಾನು ಒಳಗೊಳಗೇ ಹಿಗ್ಗಿದೆ. ಕಾರು ಇಳಿಜಾರಿನಲ್ಲಿ ಉರುಳಿ, ಕೆಮ್ಮಿ, ಹೊರಟುಹೋಯಿತು. ಮಗಳು ಹಿಂದಿನ ಕಿಟಕಿಯಿಂದ ಕೈ ಬೀಸಿದಳು.

ಒಂಬತ್ತಕ್ಕೆ ಸಾಬರು ಸೈಕಲ್ಲಿನಲ್ಲಿ ಬಂದರು. ಕ್ಯಾರಿಯರಿಗೆ ಹೊಸ ಡಬ್ಬ ಕಟ್ಟಿತ್ತು.

"ಅಮ್ಮಾ, ಗಾಡಿ ಎಲ್ಲಿ?"

"ಹೋಯ್ತಲ್ಲ ಸಾಬ್ರೇ. ನೀವು ಬರ್ಲಿಲ್ಲ, ನಾನೇ ಹಾಕ್ದೆ ಆಯಿಲ್ಲು. ಕೊಟ್ಟಿಗೇಲಿತ್ತಲ್ಲ, ಅದೇ."

ಅವರು ಸೈಕಲ್ ಸ್ಟ್ಯಾಂಡ್ ಹಾಕುವುದನ್ನೂ ಮರೆತರು. ಅದು ಧಡಾರನೆ ಬಿತ್ತು.

"ಯಾ ಅಲ್ಲಾ! ಅಮ್ಮಾ, ಬ್ರೇಕಿನ ಒಳಗೆ ರಬ್ಬರ್ ಐತೆ. ಎಂಜಿನ್ ಆಯಿಲ್ ತಾಗಿದ್ರೆ ಅದು ಊದ್ಕೊಳ್ತದೆ. ಮೊದ್ಲು ಬ್ರೇಕ್ ಹಿಡ್ಕೊಳ್ತದೆ, ಆಮೇಲೆ ಪೂರಾ ಬಿಟ್ಟೋಗ್ತದೆ. ನಿಮ್ ಮನೆ ಹರಳೆಣ್ಣೆ ಹಾಕಿದ್ರೂ ಬಚಾವಾಗ್ತಿತ್ತು."

"ಎಷ್ಟು ಹೊತ್ತಿಗೆ ಬಿಟ್ಟೋಗತ್ತೆ?"

"ಅದು ಹೇಳಕ್ಕಾಗಲ್ಲ. ಹತ್ತುವಾಗ ಪರವಾಗಿಲ್ಲ. ಇಳಿಯುವಾಗ..." ಅಲ್ಲಿಗೇ ನಿಲ್ಲಿಸಿದರು. ಸೈಕಲ್ಲನ್ನು ಅಲ್ಲೇ ಬಿಟ್ಟು ದೊಡ್ಡ ರಸ್ತೆಯ ಕಡೆ ಓಡಿದರು. ಯಾವುದೋ ಖಾಲಿ ಲಾರಿಗೆ ಕೈ ಅಡ್ಡ ಹಿಡಿದು ಹತ್ತಿದರೆಂದು ಆಮೇಲೆ ತಿಳಿಯಿತು.

ಅವತ್ತಿನ ಹಗಲನ್ನು ನಾನು ಹೇಗೆ ಕಳೆದೆನೋ. ನಂದಿಯ ತಿರುವುಗಳು ನನಗೆ ಗೊತ್ತಿದ್ದವು. ಮದುವೆಯಾದ ಹೊಸತರಲ್ಲಿ ಹೋಗಿದ್ದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಈಗ ಹತ್ತುತ್ತಿರಬಹುದು, ಈಗ ಕಾಯಿ ಒಡೆಸುತ್ತಿರಬಹುದು, ಈಗ ಬುತ್ತಿ ಬಿಚ್ಚಿರಬಹುದು. ಬುತ್ತಿ ಮುಗಿಯದಿರಲಿ ಎಂದು ಬೇಡಿಕೊಂಡೆ. ಒಳಗೆ ಹೋಗಿ ದೇವರ ಮುಂದೆ ಒಂದು ದೀಪ ಹಚ್ಚುವ ಹಾಗೂ ಇಲ್ಲ. ಮುಟ್ಟಬಾರದ ದಿನ ಮುಟ್ಟಿದ್ದಕ್ಕೇ ಹೀಗಾಯಿತೆಂದು ಒಂದು ಸಲ, ನನ್ನ ಕೊಬ್ಬಿಗೇ ಹೀಗಾಯಿತೆಂದು ಇನ್ನೊಂದು ಸಲ ನನ್ನನ್ನೇ ಬೈದುಕೊಂಡೆ. ಬೀದಿಯಲ್ಲಿ ಯಾವುದೇ ಗಾಡಿಯ ಸದ್ದಾದರೂ ಎದ್ದು ನಿಲ್ಲುತ್ತಿದ್ದೆ. ಎತ್ತಿನ ಗಾಡಿಗೂ ಎದ್ದು ನಿಂತೆ.

ಐದು ಗಂಟೆಯ ಸುಮಾರಿಗೆ ಲಾರಿಯೊಂದು ನಮ್ಮ ಕಾರನ್ನು ಹಗ್ಗದಲ್ಲಿ ಎಳೆದುಕೊಂಡು ಬಂತು. ನಾನು ಮೊದಲು ಹುಡುಕಿದ್ದು ಹಿಂದಿನ ಕಿಟಕಿಯನ್ನು. ಮಗಳು ಕೂತಿದ್ದಳು, ಅತ್ತು ಮುಖ ಊದಿತ್ತು, ಆದರೆ ಇದ್ದಳು. ಅತ್ತೆಯ ಹಣೆಗೆ ಬಟ್ಟೆ ಸುತ್ತಿತ್ತು. ಮುಂದಿನ ಒಂದು ಲೈಟು ಒಳಗೆ ಹೋಗಿತ್ತು. ಇಳಿಯುವಾಗ ಎರಡನೆಯ ತಿರುವಿನಲ್ಲಿ ಪೆಡಲ್ಲು ಪಾತಾಳಕ್ಕೆ ಹೋಯಿತಂತೆ. ಇವರು ಸ್ಟೀರಿಂಗ್ ತಿರುಗಿಸಿ ಬಂಡೆಯ ಕಡೆಗೆ ಉಜ್ಜಿ ನಿಲ್ಲಿಸಿದರಂತೆ. ಲಾರಿಯವನು ಅರ್ಧ ದಾರಿಗೇ ಇಳಿಸಿದ್ದರಿಂದ ಉಳಿದದ್ದನ್ನು ನಡೆದುಕೊಂಡೇ ಹೋದ ಸಾಬರು ಅಲ್ಲಿಗೆ ತಲುಪಿದ್ದು ಅರ್ಧ ಗಂಟೆ ತಡವಾಗಿ.

ಇವರು ಅಂಗಳದಲ್ಲೇ, ಲಾರಿಯಿಂದ ಇಳಿದ ಸಾಬರ ಅಂಗಿಯ ಎದೆ ಹಿಡಿದರು. "ನನ್ನ ತಾಯಿ, ನನ್ನ ಮಗು ಇದ್ರಯ್ಯಾ ಅದ್ರಲ್ಲಿ! ಏನಯ್ಯಾ ತುಂಬ್ದೆ ಅದಕ್ಕೆ?" ಬೀದಿಯವರೆಲ್ಲ ಸೇರಿದ್ದರು.

ಸಾಬರು ಜಗಲಿಯ ಕಡೆ ನೋಡಿದರು. ಮೂಲೆಯ ಚಾಪೆ, ಪಕ್ಕದ ಚೊಂಬು, ನಾನು. ಒಂದು ಗಳಿಗೆ ಅಷ್ಟೇ. ಆಮೇಲೆ ನೆಲ ನೋಡುತ್ತಾ, "ಡಬ್ಬ ಬದಲಾಗೋಯ್ತು ಸ್ವಾಮಿ. ನಂದೇ ತಪ್ಪು," ಎಂದರು.

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಸಾಬರು ಮೂರು ದಿನ ಕೂತು ನಾಲ್ಕೂ ಚಕ್ರದ ರಬ್ಬರುಗಳನ್ನು ತಮ್ಮ ದುಡ್ಡಿನಲ್ಲೇ ಬದಲಾಯಿಸಿದರು, ಲೈಟೂ ಹಾಕಿಸಿದರು. ನಾನು ಸ್ನಾನ ಮಾಡಿ ಒಳಗೆ ಬಂದ ದಿನ ಅತ್ತೆ ನನ್ನ ತಲೆ ಸವರಿ, "ನೀನು ಹೊರಗಿದ್ದಿದ್ದೇ ಒಳ್ಳೇದಾಯ್ತು ಕಣಮ್ಮಾ. ನೀನೂ ಅದ್ರಲ್ಲಿ ಇದ್ದಿದ್ರೆ ಏನ್ ಗತಿ," ಎಂದರು. ಇವರು ಮತ್ತೆ ಸಾಬರನ್ನು ಕರೆಯಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ, ಆ ಸಾಬಿಯ ಕೈಗೆ ಬ್ರೇಕ್ ಕೊಡಬೇಡಿ ಎಂದರು. ಲಾರಿಯವರು ಅವರ ಶೆಡ್ಡು ದಾಟಿ ಹೆಬ್ಬಾಳಕ್ಕೆ ಹೋಗತೊಡಗಿದರು.

ಎರಡು ತಿಂಗಳಾದ ಮೇಲೆ ನಾನೊಬ್ಬಳೇ ಶೆಡ್ಡಿಗೆ ಹೋದೆ. ಅಲ್ಲಿ ರಿಪೇರಿಗೆ ಬಂದ ಗಾಡಿಯೊಂದೂ ಇರಲಿಲ್ಲ. ಸಾಬರು ಯಾರದೋ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದರು.

"ಸಾಬ್ರೇ, ನಾನು ಇವತ್ತು ನಮ್ಮವರಿಗೆ ನಿಜ ಹೇಳ್ಬಿಡ್ತೀನಿ," ಎಂದೆ. ಬೇಡ ಬಿಡಿ ಅಮ್ಮಾ, ಆಗಿದ್ದು ಆಯಿತು ಎನ್ನುತ್ತಾರೆಂದು ಕಾದೆ. ಅದನ್ನು ಕೇಳಿಸಿಕೊಳ್ಳಲೆಂದೇ ಅಷ್ಟು ದೂರ ನಡೆದು ಬಂದಿದ್ದೆನೆಂದು ಆಗ ನನಗೇ ಗೊತ್ತಿರಲಿಲ್ಲ.

ಅವರು ಟ್ಯೂಬನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಹೇಳಿ ಅಮ್ಮಾ," ಎಂದರು. "ಬ್ಯಾಡ ಅಂತ ನಾನು ಯಾವತ್ತು ಅಂದೆ?"

ಮನೆಗೆ ಬಂದೆ. ಇವರು ಊಟಕ್ಕೆ ಕೂತರು. ಸಾರು ಬಡಿಸಿದೆ, ಮಜ್ಜಿಗೆ ಬಡಿಸಿದೆ, ಎಲೆ ಎತ್ತಿದೆ.