ಹಸಿ ಇರುವಾಗ ಎಳೆಯಬೇಕು

ಸೇಸಪ್ಪ ಶೆಟ್ಟಿಗಾರರು ಸೌದಿಯ ಅಬ್ಕೈಕ್‌ನ ಲ್ಯಾಬಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಾನು ಭಟ್ಕಳದವನು, ಅದೇ ಲ್ಯಾಬಿನ ಸ್ಟೋರ್ ನೋಡಿಕೊಳ್ಳುವವನು. ಅವರ ಕೆಲಸ ಕಾರ್ಬನ್ ನ್ಯಾನೊಟ್ಯೂಬಿನ ಹಾಳೆ ಮಾಡುವುದು. ಕಣ್ಣಿಗೆ ಕಾಣದಷ್ಟು ಸಪೂರದ ಇಂಗಾಲದ ನಳಿಕೆಗಳು ಕುಲುಮೆಯಿಂದ ಹೊಗೆಯ ಹಾಗೆ ಬರುತ್ತವೆ. ತಿರುಗುವ ಉರುಳೆಗೆ ಸುತ್ತಿಕೊಂಡು ಕಪ್ಪು ಬಟ್ಟೆಯಂತಾಗುತ್ತವೆ.

ಅಷ್ಟಾದರೆ ಸಾಲದು. ನಳಿಕೆಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ವಿದ್ಯುತ್ತೂ ಸಲೀಸಾಗಿ ಸಾಗದು, ಹಾಳೆಗೆ ಬಲವೂ ಬರದು. ಎಳೆದು ಒಂದೇ ದಿಕ್ಕಿಗೆ ತರಬೇಕು. ಎಳೆದರೆ ತುಂಡಾಗುತ್ತಿತ್ತು. ಹೋದ ಚಳಿಗಾಲ ಹೀಗೆ ಒಂಬತ್ತು ಹಾಳೆ ಹೋದವು. ಗುರುವಾರದೊಳಗೆ ಒಂದಾದರೂ ನಿಲ್ಲದಿದ್ದರೆ ಈ ವಿಭಾಗವನ್ನೇ ಮುಚ್ಚುತ್ತಾರೆ ಎಂದರು ನಮ್ಮ ಇಂಜಿನಿಯರ್ ಬಸ್ಮಾ. ದೊಡ್ಡ ಡಿಗ್ರಿಯವರೆಲ್ಲ ಕಂಪ್ಯೂಟರ್ ಮುಂದೆ ತಲೆ ಕೆರೆದುಕೊಂಡರು. ಹಾಳೆ ಮುಟ್ಟುವ ಮನುಷ್ಯನನ್ನು ಒಬ್ಬರೂ ಕೇಳಲಿಲ್ಲ. ನನಗೆ ರೇಗಿಹೋಯಿತು.

ನಾನೇ ಕೇಳಿದೆ. "ಎಂತ ಮಾರಾಯ್ರೆ, ನೇಕಾರರ ಮನೆಯವರು ನೀವು. ತುಂಡಾಗದ ಹಾಗೆ ಎಳೆಯುವುದು ನಿಮಗೆ ಗೊತ್ತಿಲ್ವಾ?"

"ಅಕ್ಕನಿಗೆ ಗೊತ್ತುಂಟು," ಎಂದು ಚಹಾದ ಲೋಟ ಕೈಗೆತ್ತಿಕೊಂಡರು.

ಚಹಾ ಆರಿದ ಮೇಲೆ ಬಾಯಿ ಬಿಟ್ಟರು. ಕಿನ್ನಿಗೋಳಿಯ ಮನೆಯಲ್ಲಿ ಬಿಸಿಲೇರುವ ಮೊದಲು ಅಂಗಳದುದ್ದಕ್ಕೂ ನೂಲು ಕಟ್ಟಿ ನೂಲು ಗಟ್ಟಿಯಾಗಲೆಂದು ಅಕ್ಕ ಅಮ್ಮಣ್ಣಿ ಗಂಜಿ ಹಚ್ಚುತ್ತಿದ್ದರಂತೆ; ಇನ್ನೊಂದು ತುದಿ ಹಿಡಿಯುವುದು ಇವರ ಪಾಲು. ಗಂಜಿಯ ಆ ಹುಳಿ ವಾಸನೆಯನ್ನು ಹೇಳುವಾಗ ಮುಖ ಅರಳಿತು. ಅಪ್ಪ ತೀರಿಕೊಂಡು, ವೀಸಾ ಬಂದ ವಾರ, ಅಕ್ಕ ಯಾವುದೋ ಮದುವೆಗೆ ಹೋಗಿದ್ದಾಗ ಇವರು ಮಗ್ಗ ಬಿಚ್ಚಿ ಮಾರಿಬಿಟ್ಟಿದ್ದರು. ಅಂದಿನಿಂದ ಫೋನಿನಲ್ಲಿ ಅಕ್ಕನ ಮಾತು ಊಟ, ಔಷಧಿ, ಅಷ್ಟೇ. ಯಾವ ಮುಖ ಇಟ್ಟುಕೊಂಡು ನೇಯ್ಗೆಯ ಮಾತೆತ್ತುವುದು ಎಂದರು.

"ಯಲ್ಲಾ, ಬೇಗ ಫೋನ್ ಮಾಡಿ," ಎಂದು ಅರಬ್ಬಿ ಬೆರೆಸಿ ಗದರಿದೆ.

ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಅಮ್ಮಣ್ಣಿಯವರು, "ಒಣಗಿದ ಮೇಲೆ ಎಳೆದ್ರೆ ತುಂಡಾಗದೆ ಎಂತ ಆಗ್ತದೆ? ಹಸಿ ಇರುವಾಗ ಎಳಿ, ಸ್ವಲ್ಪ ಸ್ವಲ್ಪ. ಎಳೆದು ಹಿಡಿದೇ ಒಣಗಿಸು," ಎಂದರು.

ಬುಧವಾರ ಸೇಸಪ್ಪ ಹಾಳೆಯನ್ನು ದ್ರಾವಕದಲ್ಲಿ ನೆನೆಸಿ ಎಳೆದರು, ಬಿಗಿ ಬಿಡದೆ ಒಣಗಿಸಿದರು. ತುಂಡಾಗಲಿಲ್ಲ. ಬಸ್ಮಾ ಅಳೆದು ನೋಡಿದರೆ ವಿದ್ಯುತ್ ಮೊದಲಿನ ಎರಡು ಪಟ್ಟು ಚೆನ್ನಾಗಿ ಸಾಗುತ್ತಿತ್ತು, ಬಲವೂ ಹೆಚ್ಚಿತ್ತು. ವಿಭಾಗ ಉಳಿಯಿತು.

ಸೇಸಪ್ಪ ಅಲ್ಲಿಂದಲೇ ಫೋನ್ ಹಚ್ಚಿದರು. "ಅಕ್ಕಾ, ನಿಂತಿತು! ನಿನ್ನನ್ನು ಕೇಳಿದ್ದು ಒಳ್ಳೇದಾಯ್ತು."

"ಆವತ್ತು ಮಗ್ಗ ಮಾರುವಾಗಲೂ ಒಂದು ಮಾತು ಕೇಳಬಹುದಿತ್ತಲ್ಲ ಸೇಸು," ಎಂದರು ಅಮ್ಮಣ್ಣಿ.

ಸೇಸಪ್ಪ ಗೋಡೆಯ ಕಡೆ ತಿರುಗಿ, "ತಪ್ಪಾಯ್ತಕ್ಕ," ಎಂದರು.